ಐರನ್ ಸುಳ್ಳು ಹೇಳಿದ ನಲವತ್ತೊಂದು ದಿನ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಒಂದು ಪಕ್ಕದಲ್ಲಿ ಬಟ್ಟೆ ಒಗೆಯುವ ವಿಭಾಗ, ಇನ್ನೊಂದು ಪಕ್ಕದಲ್ಲಿ ಮುರಿದ ಮಂಚಗಳನ್ನು ಪೇರಿಸಿಟ್ಟ ಗೋದಾಮು. ನಡುವೆ ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ರಿಪೇರಿ ಕೋಣೆ. ಮೇಜಿನ ಮೇಲೆ ಬೆಸುಗೆ ಹಾಕುವ ನಾಲ್ಕು ಹೊಸ ಸೋಲ್ಡರಿಂಗ್ ಐರನ್‌ಗಳು ಸಾಲಾಗಿ ತಮ್ಮ ಸ್ಟ್ಯಾಂಡುಗಳಲ್ಲಿ ಕೂತು ಕಾಯುತ್ತಿವೆ. ಐವತ್ತಾರರ ವಯಸ್ಸಿನ ಹೆಂಗಸೊಬ್ಬರು ಕನ್ನಡಕದ ಮೇಲೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲನೆಯ ಐರನ್ನಿನ ತುದಿಯನ್ನು ದಪ್ಪ ತಾಮ್ರದ ತುಂಡಿಗೆ ಒತ್ತಿ ಹಿಡಿದಿದ್ದಾರೆ. ಕಣ್ಣು ಮಾತ್ರ ಪಕ್ಕದಲ್ಲಿರುವ ಶಾಖ ಅಳೆಯುವ ಮೀಟರಿನ ಮೇಲಿದೆ. ಮೀಟರಿನ ಅಂಕಿ ಇಳಿಯತೊಡಗುತ್ತದೆ. ಮುನ್ನೂರ ನಲವತ್ತು. ಮುನ್ನೂರ ಹತ್ತು. ಇನ್ನೂರ ಎಂಬತ್ತು. ಐರನ್ನಿಗೆ ವೈರಿನಿಂದ ಜೋಡಿಸಿದ ಡಬ್ಬಿಯ ಮೇಲಿನ ಹಸಿರು ಅಂಕಿ ಏನೂ ಆಗಿಲ್ಲವೆಂಬಂತೆ ಮುನ್ನೂರೈವತ್ತು ಎಂದೇ ತೋರಿಸುತ್ತಿದೆ.

ಅವರು ಐರನ್ನನ್ನು ಸ್ಟ್ಯಾಂಡಿಗಿಟ್ಟು ಸ್ವಿಚ್ಚು ಆರಿಸುತ್ತಾರೆ. ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಾರೆ. ಕೋಣೆಯಲ್ಲಿ ಸೆಕೆಯಿಲ್ಲ, ಆದರೂ ಹಣೆ ಬೆವರಿದೆ.

"ಇದು ಬೇಡ," ಎನ್ನುತ್ತಾರೆ. "ಇದಕ್ಕೆ ಸುಳ್ಳು ಹೇಳೋ ಅಭ್ಯಾಸ ಇದೆ."

ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ಬೆಸುಗೆ ಅಕ್ಕ. ಇವರಿಗಿಂತ ಹಿರಿಯ ವೈದ್ಯರೂ ಅಕ್ಕ ಎಂದೇ ಕರೆಯುತ್ತಾರೆ. ಹಾಗೆ ಕರೆಯುವವರಲ್ಲಿ ಮುಕ್ಕಾಲು ಪಾಲು ಜನ ನೆಲಮಾಳಿಗೆಗೆ ಇಳಿದು ಇವರ ಮುಖ ನೋಡಿದವರಲ್ಲ. ಕೆಟ್ಟ ಯಂತ್ರ ತಳ್ಳುಗಾಡಿಯಲ್ಲಿ ಕೆಳಗೆ ಹೋಗುತ್ತದೆ, ಸರಿಯಾದ ಯಂತ್ರ ಅದೇ ಗಾಡಿಯಲ್ಲಿ ಮೇಲೆ ಬರುತ್ತದೆ. ನಡುವೆ ಒಂದು ಮನುಷ್ಯಜೀವವಿದೆ ಎನ್ನುವುದು ಯಾರ ತಲೆಗೂ ಬರುವುದಿಲ್ಲ.

ಇವರ ಕೈಗೆ ಬರುವುದು ಔಷಧಿಯನ್ನು ಹನಿ ಹನಿಯಾಗಿ ಒಳಗೆ ಬಿಡುವ ಡ್ರಿಪ್ ಪಂಪುಗಳು, ಎದೆಬಡಿತ ತೋರಿಸುವ ಪರದೆಗಳು, ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು. ವಾರಕ್ಕೆ ಆರರಿಂದ ಎಂಟು ಸರ್ಕ್ಯೂಟ್ ಬೋರ್ಡುಗಳು, ನೂರೈವತ್ತಕ್ಕೆ ಕಡಿಮೆಯಿಲ್ಲದ ಬೆಸುಗೆಗಳು. ಬೆಸೆಯಬೇಕಾದ ಭಾಗಗಳಲ್ಲಿ ಕೆಲವು ಎಳ್ಳಿಗಿಂತ ಚಿಕ್ಕವು. ಸೀನಿದರೆ ಹಾರಿಹೋಗುತ್ತವೆ. ಒಮ್ಮೆ ಹಾಗೆ ಹಾರಿದ ಒಂದನ್ನು ಅರ್ಧ ದಿನ ಹುಡುಕಿದರಂತೆ. ಕೊನೆಗೆ ಸಂಜೆ ಮನೆಯಲ್ಲಿ ತಲೆ ಬಾಚುವಾಗ ಬಾಚಣಿಗೆಗೆ ಸಿಕ್ಕಿತು ಎಂದು ಹೇಳಿ ನಗುತ್ತಾರೆ. ಇವರ ಬಗ್ಗೆ ಬರೆಯಲೆಂದು ನಾನು ಅವರೊಂದಿಗೆ ಕಳೆದ ಮೂರು ಬೆಳಗುಗಳಲ್ಲಿ ಅವರು ಬಾಯ್ತುಂಬ ನಕ್ಕದ್ದು ಅದೊಂದೇ ಸಲ.

ಕೆಲಸ ಕಲಿತದ್ದು ಇಪ್ಪತ್ತರ ವಯಸ್ಸಿನಲ್ಲಿ, ರೇಡಿಯೋ ಕಾರ್ಖಾನೆಯ ಸಾಲಿನಲ್ಲಿ. ಎಂಬತ್ತು ಹೆಂಗಸರು ಎದುರುಬದುರು ಕೂತು ಬೆಸೆಯುತ್ತಿದ್ದರು. ಹೊಗೆ ನೇರ ಮೂಗಿಗೆ. ಗೆಳತಿಯರಲ್ಲಿ ಇಬ್ಬರಿಗೆ ಉಬ್ಬಸ ಹಿಡಿಯಿತು, ಇವರಿಗೆ ಎಡಗಣ್ಣು ಮಂಜಾಯಿತು. ಹದಿನಾಲ್ಕು ವರ್ಷದ ಮೇಲೆ ಕಾರ್ಖಾನೆ ಬಾಗಿಲು ಹಾಕಿತು. ಒಂದು ವರ್ಷ ಗಂಡನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತ ಕೂತರು. ಆಮೇಲೆ ಆಸ್ಪತ್ರೆಯವರು ಕರೆದರು.

ಗಂಡ ತಮಾಷೆಯ ಮನುಷ್ಯ. ಈ ಮನೆಯಲ್ಲಿ ಇಬ್ಬರದೂ ಜೋಡಿಸೋ ಕೆಲಸವೇ ಎಂದು ಬಂದವರೆದುರು ಹೇಳುತ್ತಿದ್ದರು. ನಾನು ಹಾಕಿದ ಹೊಲಿಗೆ ಬಿಟ್ಟರೆ ಗಿರಾಕಿ ಬಂದು ಬೈತಾನೆ, ಇವಳು ಹಾಕಿದ್ದು ಬಿಟ್ಟರೆ ಬೈಯೋಕೆ ಗಿರಾಕಿಯೇ ಇರಲ್ಲ ಎನ್ನುತ್ತಿದ್ದರು. ಆ ಮಾತಿಗೆ ಎಲ್ಲರೂ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದರು. ಎರಡು ವರ್ಷದಿಂದ ಆ ಮಾತು ಅವರ ಮನೆಯಲ್ಲಿ ಕೇಳಿಲ್ಲ.

ಎರಡು ವರ್ಷದ ಹಿಂದೆ, ಹದಿನಾರು ವರ್ಷ ಕೈಯಲ್ಲಿದ್ದ ಇವರ ಹಳೆಯ ಐರನ್ ಸುಟ್ಟುಹೋಯಿತು. ಉಗ್ರಾಣದವರು ಹೊಸದೊಂದನ್ನು ಕಳಿಸಿದರು. ಹೊಳೆಯುವ ಡಬ್ಬಿ, ದೊಡ್ಡ ಅಂಕಿ, ಸೂಜಿಯಂಥ ಮೊನೆ. ಯಾವುದು ಬೇಕು ಎಂದು ಅಕ್ಕನನ್ನು ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ.

ಮೊದಲ ದಿನವೇ ಕೈಗೆ ಏನೋ ಸರಿಹೋಗಲಿಲ್ಲವಂತೆ. ಬೆಸುಗೆಯ ಸೀಸ ಕರಗಿ ಹರಡುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು ಹೆಚ್ಚಿಗೆ ಬೇಕಾಗುತ್ತಿತ್ತು. ಶಾಖ ಸಾಲದೇನೋ ಎಂದು ಅಂಕಿ ನೋಡಿದರೆ ಸರಿಯಾಗಿಯೇ ಇತ್ತು, ಮುನ್ನೂರೈವತ್ತು.

"ವಯಸ್ಸಾಯ್ತು, ಕೈ ನಿಧಾನ ಆಯ್ತು ಅಂದ್ಕೊಂಡೆ," ಎನ್ನುತ್ತಾರೆ. "ಮೂವತ್ತು ವರ್ಷ ನಂಬಿದ ಕೈನ ಬಿಟ್ಟು ನಿನ್ನೆ ಮೊನ್ನೆ ಬಂದ ಅಂಕಿನ ನಂಬಿದೆ ನೋಡಿ. ಅದೇ ನನ್ನ ತಪ್ಪು. ಐರನ್ನಿನ ತಪ್ಪು ಆಮೇಲಿಂದು."

ನಲವತ್ತೊಂದನೆಯ ದಿನ ಬೆಳಿಗ್ಗೆ ಏಳಕ್ಕೆ ಗಂಡಸರ ವಾರ್ಡಿನಿಂದ ಡ್ರಿಪ್ ಪಂಪೊಂದು ಕೆಳಗೆ ಬಂತು. ಔಷಧಿಯ ಚೀಲ ಖಾಲಿಯಾದರೂ ಅದು ಕೂಗಿಕೊಂಡಿರಲಿಲ್ಲ. ಕೊಳವೆಯಲ್ಲಿ ರಕ್ತ ವಾಪಸ್ಸು ಏರಿತ್ತು. ಪಕ್ಕದ ಮಂಚದ ರೋಗಿ ನೋಡಿ ಕರೆದದ್ದರಿಂದ ಅನಾಹುತ ತಪ್ಪಿತ್ತು. ಅಕ್ಕ ಪಂಪನ್ನು ಬಿಚ್ಚಿದರು. ಕೂಗುಗಂಟೆಗೆ ವಿದ್ಯುತ್ತು ಕೊಡುವ ಪುಟ್ಟ ಭಾಗವನ್ನು ಹತ್ತು ದಿನದ ಹಿಂದೆ ಬದಲಿಸಿದವರು ಅವರೇ. ಬೆಸುಗೆ ನೋಡಲು ಚೆನ್ನಾಗಿಯೇ ಇತ್ತು. ಸೂಜಿಯಿಂದ ಮೆಲ್ಲಗೆ ಮುಟ್ಟಿದರು. ಆ ಪುಟ್ಟ ಭಾಗದ ತಂತಿಗಾಲು ಅಲ್ಲಾಡಿತು.

ಉಪಕರಣಗಳನ್ನು ಕ್ರಿಮಿಶುದ್ಧಿ ಮಾಡುವ ವಿಭಾಗದಿಂದ ಶಾಖದ ಮೀಟರನ್ನು ಎರವಲು ತಂದು ಐರನ್ನಿನ ತುದಿಗೆ ಹಿಡಿದರು. ಡಬ್ಬಿಯ ಅಂಕಿ ಮುನ್ನೂರೈವತ್ತು ಹೇಳುತ್ತಿತ್ತು, ತುದಿಯಲ್ಲಿದ್ದದ್ದು ಇನ್ನೂರ ಅರವತ್ತೆರಡು. ಬೋರ್ಡಿಗೆ ಮುಟ್ಟಿಸಿದ ಕೂಡಲೇ ಅದೂ ಇಳಿದುಹೋಗುತ್ತಿತ್ತು. ಸೀಸ ಮೇಲೆ ಮೇಲೆ ಕರಗಿ, ಎಣ್ಣೆ ಸವರಿದ ತಟ್ಟೆಯ ಮೇಲಿನ ನೀರ ಹನಿಯಂತೆ ಕೂತಿತ್ತು, ಕಚ್ಚಿಕೊಂಡಿರಲಿಲ್ಲ. ಯಂತ್ರ ತಣ್ಣಗಿರುವಾಗ ಪರೀಕ್ಷಿಸಿದರೆ ಗಂಟೆ ಕೂಗುತ್ತಿತ್ತು. ಒಂದೆರಡು ತಾಸು ಓಡಿ ಬಿಸಿಯಾದ ಮೇಲೆ ಬೆಸುಗೆ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತಿತ್ತು, ಗಂಟೆಯ ದನಿ ಹೋಗುತ್ತಿತ್ತು.

ಅಕ್ಕ ರಿಪೇರಿ ಪುಸ್ತಕ ತೆರೆದು ಎಣಿಸಿದರು. ಆ ಐರನ್ ಬಂದಾಗಿನಿಂದ ಈ ಕೋಣೆಯಿಂದ ಮೇಲೆ ಹೋದ ಯಂತ್ರಗಳು ಇಪ್ಪತ್ತಮೂರು.

"ಇಪ್ಪತ್ತಮೂರು ಮಂಚ ಕಣ್ಣ ಮುಂದೆ ಬಂದ್ಬಿಡ್ತು. ಎಲ್ಲರೂ ಮಲಗಿದಾರೆ. ಗಂಟೆ ಇದೆ, ಕೂಗುತ್ತೆ ಅಂತ ನಂಬ್ಕೊಂಡು ಮಲಗಿದಾರೆ."

ಮೇಲಧಿಕಾರಿಯಾದ ಎಂಜಿನಿಯರ್ ಆಗತಾನೇ ಬಂದು ಚೀಲ ಇಳಿಸುತ್ತಿದ್ದರು. ಅಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಕೆಟ್ಟ ಮನುಷ್ಯರೇನಲ್ಲ ಅವರು, ಆದರೆ ಅವರಿಗೂ ಹೆದರಿಕೆಯಾಯಿತು. ಇನ್ನೊಂದೆರಡು ಯಂತ್ರ ತರಿಸಿ ನೋಡೋಣ, ವಾರ್ಡಿನಲ್ಲಿ ಗಾಬರಿ ಎಬ್ಬಿಸುವುದು ಬೇಡ, ನಿಧಾನವಾಗಿ ಒಂದೊಂದೇ ಇಳಿಸಿಕೊಳ್ಳೋಣ ಎಂದರು. ಅಕ್ಕ ಅವರೆದುರು ಅದುವರೆಗೆ ಏರಿದ ದನಿಯಲ್ಲಿ ಮಾತಾಡಿದವರಲ್ಲ. ಅವತ್ತೂ ದನಿ ಏರಿಸಲಿಲ್ಲ. ನಿಧಾನ ಮಾಡಿದ ಹೊತ್ತಿನಲ್ಲಿ ಒಂದು ಮಂಚ ಖಾಲಿಯಾದರೆ ಆ ಮನೆಯವರಿಗೆ ಯಾರು ಹೋಗಿ ಹೇಳುವುದು, ನೀವೋ ನಾನೋ ಎಂದು ಕೇಳಿದರು. ಎಂಜಿನಿಯರ್ ಕುರ್ಚಿಯಿಂದ ಎದ್ದು ಅವರ ಹಿಂದೆಯೇ ನಡೆದರು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇಪ್ಪತ್ತೆರಡು ಯಂತ್ರಗಳು ನೆಲಮಾಳಿಗೆಯಲ್ಲಿದ್ದವು. ಒಂದೊಂದು ಮಂಚದ ಬಳಿಯೂ ಬದಲಿ ವ್ಯವಸ್ಥೆಯಾಗುವವರೆಗೆ ನರ್ಸ್ ಒಬ್ಬರು ನಿಂತೇ ಇದ್ದರು. ಬಿಚ್ಚಿ ನೋಡಿದಾಗ ಬೆಳಗಿನ ಪಂಪು ಬಿಟ್ಟು ಇನ್ನೂ ಆರರಲ್ಲಿ ಬೆಸುಗೆ ಅಲ್ಲಾಡಿತು. ಆ ಆರರಲ್ಲಿ ಯಾವುದಕ್ಕೂ ಇನ್ನೂ ಕೂಗುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ಇಪ್ಪತ್ತಮೂರನೆಯದು ಆಸ್ಪತ್ರೆಯಲ್ಲಿ ಇರಲಿಲ್ಲ. ಅದು ಉಸಿರು ಕಾಯುವ ಯಂತ್ರ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಒಮ್ಮೊಮ್ಮೆ ಮಲಗಿದಲ್ಲೇ ಉಸಿರು ಮರೆತುಬಿಡುತ್ತವೆ. ಹಾಸಿಗೆಯ ಕೆಳಗೆ ಒಂದು ತೆಳು ಪಟ್ಟಿ ಇಟ್ಟರೆ ಅದು ಉಸಿರಿನ ಅಲುಗಾಟ ಗಮನಿಸುತ್ತದೆ. ಇಪ್ಪತ್ತು ಸೆಕೆಂಡು ಅಲುಗಾಟ ನಿಂತರೆ ಗಂಟೆ ಕೂಗುತ್ತದೆ, ತಾಯಿ ಎದ್ದು ಮಗುವನ್ನು ಮುಟ್ಟಿ ಎಬ್ಬಿಸುತ್ತಾಳೆ. ಅದನ್ನು ಹನ್ನೊಂದು ದಿನದ ಹಿಂದೆ ಒಂದು ಮಗುವಿನ ಜೊತೆ ಮನೆಗೆ ಕಳಿಸಲಾಗಿತ್ತು.

ಮಕ್ಕಳ ವಾರ್ಡಿನ ಹಿರಿಯ ನರ್ಸ್ ಆ ಮನೆಗೆ ಫೋನು ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಏಳು ಸಲ ಮಾಡಿದ ಮೇಲೆ ಅಕ್ಕ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡರು. ಕಳಿಸಿಕೊಡಲು ಬದಲಿ ಯಂತ್ರ ಒಂದೇ ಇತ್ತು, ಅದೂ ಬೇರೊಂದು ಮಗುವಿನ ಕೆಳಗಿತ್ತು. ಮಧ್ಯಾಹ್ನದ ತಪಾಸಣೆ ಆಗದೆ ಅದನ್ನು ತೆಗೆಯುವಂತಿರಲಿಲ್ಲ. ಆಸ್ಪತ್ರೆಯ ವ್ಯಾನು ಹೊರಗೆ ಹೋಗಿತ್ತು. ಇಬ್ಬರೂ ಬಸ್ಸು ಹತ್ತಿದರು.

ಎರಡು ಬಸ್ಸು, ಒಂದೂಕಾಲು ಗಂಟೆಯ ದಾರಿ. ನರ್ಸ್ ದಾರಿಯುದ್ದಕ್ಕೂ ಫೋನು ಮಾಡುತ್ತಲೇ ಇದ್ದರು. ಅಕ್ಕ ಕಿಟಕಿಯ ಸರಳು ಹಿಡಿದು ಕೂತಿದ್ದರು. ಪ್ರತಿ ನಿಲ್ದಾಣದಲ್ಲೂ ಜನ ನಿಧಾನವಾಗಿ ಹತ್ತುವುದನ್ನು, ಕಂಡಕ್ಟರು ಚಿಲ್ಲರೆ ಹುಡುಕುವುದನ್ನು ನೋಡುತ್ತ ನಿಮಿಷ ಎಣಿಸುತ್ತಿದ್ದರಂತೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ.

"ಹೋಗೋದೇ ಬೇಡ ಅನ್ನಿಸ್ತು. ಬಾಗಿಲ ಹತ್ರ ಚಪ್ಪಲಿ ಗುಂಪು ಕಂಡ್ರೆ ಏನು ಮಾಡ್ಲಿ ಅಂತ. ಇಳಿದು ಓಡಿಹೋಗೋಣ ಅನ್ನಿಸ್ತು. ಇದನ್ನ ನಮ್ಮೆಜಮಾನರ ಹತ್ರಾನೂ ಹೇಳಿಲ್ಲ."

ಮೂರನೆಯ ಮಹಡಿ. ಬಾಗಿಲಲ್ಲಿ ಒಂದೇ ಒಂದು ಜೊತೆ ಹೆಂಗಸರ ಚಪ್ಪಲಿ. ಒಳಗೆ ಸದ್ದಿಲ್ಲ. ನರ್ಸ್ ತಟ್ಟಿದರು, ಯಾರೂ ತೆಗೆಯಲಿಲ್ಲ. ಅಕ್ಕ ಕಿವಿಯನ್ನು ಕದಕ್ಕೆ ಒತ್ತಿದರು, ಏನೂ ಕೇಳಲಿಲ್ಲ. ಮೂರನೆಯ ಸಲ ತಟ್ಟಿದ ಮೇಲೆ ಚಿಲಕ ಸರಿಯಿತು. ಕೆದರಿದ ತಲೆಯ ಹುಡುಗಿಯೊಬ್ಬಳು ಕಣ್ಣುಜ್ಜುತ್ತ ನಿಂತಿದ್ದಳು. ಮಗು ಎದ್ದುಬಿಡಬಾರದೆಂದು ಫೋನಿನ ಸದ್ದು ಆರಿಸಿಟ್ಟು ತಾನೂ ಮಲಗಿಬಿಟ್ಟಿದ್ದಳು. ಗಂಡ ಕೆಲಸಕ್ಕೆ ಹೋಗಿದ್ದ. ಮಗು ಮನೆಗೆ ಬಂದ ಮೇಲೆ ಈ ಯಂತ್ರ ಇರುವುದರಿಂದಲೇ ಒಂದಿಷ್ಟು ನಿದ್ದೆ ಕಾಣುತ್ತಿದ್ದೇವೆ ಎಂದು ಅವಳೇ ಮೊದಲು ಹೇಳಿದಳು, ಉಪಕಾರ ನೆನೆಯುವ ದನಿಯಲ್ಲಿ.

ಮಗು ಮಲಗಿತ್ತು. ಹೊಟ್ಟೆ ಏರಿ ಇಳಿಯುತ್ತಿತ್ತು. ಯಂತ್ರದ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಅಕ್ಕ ಹಾಸಿಗೆಯ ಕೆಳಗಿನ ಪಟ್ಟಿಯನ್ನು ಮೆಲ್ಲಗೆ ಎಳೆದು ನೆಲದ ಮೇಲಿಟ್ಟರು. ನೆಲಕ್ಕೆ ಉಸಿರಿಲ್ಲ, ಇಪ್ಪತ್ತು ಸೆಕೆಂಡಿಗೆ ಗಂಟೆ ಕೂಗಬೇಕು. ಎಣಿಸಿದರು. ಇಪ್ಪತ್ತಕ್ಕೆ ಹಸಿರು ದೀಪ ಹೋಗಿ ಕೆಂಪು ದೀಪ ಬಂತು. ಸದ್ದು ಬರಲಿಲ್ಲ. ಮೂವತ್ತಾಯಿತು, ನಲವತ್ತಾಯಿತು. ಕೆಂಪು ದೀಪ ಮಿನುಗುತ್ತಲೇ ಇತ್ತು, ಕೋಣೆ ಸದ್ದಿಲ್ಲದೆಯೇ ಇತ್ತು. ತಾಯಿ ಒಮ್ಮೆ ಯಂತ್ರವನ್ನೂ ಒಮ್ಮೆ ಅಕ್ಕನನ್ನೂ ನೋಡಿದಳು. ಅವಳಿಗೆ ಹೇಳದೆಯೇ ಅರ್ಥವಾಯಿತು. ಹಾಸಿಗೆಗೆ ಬಗ್ಗಿ ಮಗುವಿನ ಎದೆಯ ಮೇಲೆ ಕೈಯಿಟ್ಟಳು.

ನರ್ಸ್ ಆಸ್ಪತ್ರೆಗೆ ಫೋನು ಮಾಡಿದರು. ನಾಲ್ಕು ಗಂಟೆಗೆ ಬದಲಿ ಯಂತ್ರ ಸಿಗುತ್ತದೆ ಎಂಬ ಉತ್ತರ ಬಂತು. ಕೆಮ್ಮುವ ಜನರ ನಡುವೆ ಎರಡು ಬಸ್ಸು ಬದಲಿಸಿ ಅಷ್ಟು ಎಳೆಯ ಮಗುವನ್ನು ಕರೆದೊಯ್ಯುವುದು ಇನ್ನೂ ಅಪಾಯ ಎಂದು ಅವರಿಗೆ ಅನ್ನಿಸಿತು. ತಾವೇ ಹೋಗಿ ವ್ಯಾನಿನಲ್ಲಿ ತರುತ್ತೇನೆ, ಅಲ್ಲಿಯವರೆಗೆ ಕಣ್ಣು ತೆಗೆಯಬೇಡಿ, ಉಸಿರು ನಿಂತರೆ ಅಂಗಾಲು ಮುಟ್ಟಿ ಎಂದು ಹೇಳಿ ಹೊರಟರು.

ಎರಡು ಗಂಟೆಯಿಂದ ಐದೂವರೆವರೆಗೆ ಬೆಸುಗೆ ಅಕ್ಕ ಆ ಮಗುವಿನ ಪಕ್ಕ ನೆಲದ ಮೇಲೆ ಕೂತು, ಎರಡು ಬೆರಳನ್ನು ಅದರ ಹೊಟ್ಟೆಯ ಮೇಲಿಟ್ಟು ಉಸಿರು ಎಣಿಸಿದರು. ಗಂಟೆ ಮಾಡಬೇಕಿದ್ದ ಕೆಲಸವನ್ನು ತಾವು ಮಾಡಿದರು. ತಾಯಿ ನೀರು ತಂದುಕೊಟ್ಟಳು, ಅದು ಹಾಗೆಯೇ ಉಳಿಯಿತು. ಕಾಲು ಜೋಮು ಹಿಡಿಯಿತು, ಮಗ್ಗುಲು ಬದಲಿಸಲಿಲ್ಲ. ನಾಲ್ಕರ ಸುಮಾರಿಗೆ ಬೆರಳ ಕೆಳಗಿನ ಅಲುಗಾಟ ನಿಂತಿತು.

"ಐದು ಎಣಿಸಿದೆ. ಏಳು ಎಣಿಸಿದೆ. ಈ ಮಕ್ಕಳು ಅಷ್ಟು ಹೊತ್ತು ನಿಲ್ಲಿಸ್ತವೆ, ಅದು ಸಹಜ ಅಂತ ಸಿಸ್ಟರ್ ಹೇಳಿದ್ರು. ಹತ್ತಾಯ್ತು. ತುಟಿ ಬಣ್ಣ ನೋಡ್ದೆ. ಹದಿಮೂರಕ್ಕೆ ನನ್ನ ಕೈಲಿ ಆಗ್ಲಿಲ್ಲ, ಅಂಗಾಲು ತಟ್ಟಿದೆ. ಉಸಿರು ಎಳ್ಕೊಳ್ತು. ಅತ್ತಿತು."

ತಾನೇ ಎಳೆದುಕೊಳ್ಳುತ್ತಿತ್ತೋ ಏನೋ ಎಂದು ನಾನೆಂದೆ. ಇರಬಹುದು ಎಂದು ಅಕ್ಕ ಒಪ್ಪಿದರು. ಸಿಸ್ಟರ್ ಕೂಡ ಹಾಗೇ ಹೇಳಿದ್ದಾರಂತೆ. ಆದರೆ ಹದಿನಾಲ್ಕನೆಯ ಎಣಿಕೆ ಹೇಗಿರುತ್ತಿತ್ತು ಎಂಬುದು ಇವತ್ತಿಗೂ ಅವರಿಗೆ ಗೊತ್ತಿಲ್ಲ, ಮುಂದೆಯೂ ಗೊತ್ತಾಗುವುದಿಲ್ಲ.

ಐದೂವರೆಗೆ ನರ್ಸ್ ಯಂತ್ರ ತಂದರು. ಅಕ್ಕ ಅದನ್ನು ನೆಲದ ಮೇಲಿಟ್ಟು ಮೂರು ಸಲ ಪರೀಕ್ಷಿಸಿದರು. ಮೂರು ಸಲವೂ ಅದು ಮನೆ ಹಾರಿಹೋಗುವಂತೆ ಕೂಗಿತು. ಹಾಸಿಗೆಯ ಕೆಳಗೆ ಪಟ್ಟಿ ಇಡಲು ಬಗ್ಗಿದಾಗ ತಾಯಿ ತಡೆದಳು.

"ಕೆಟ್ಟುಹೋಗಿರೋ ಮೆಷಿನ್ ರಿಪೇರಿ ಮಾಡಿದ್ದು ಯಾರು?"

"ನಾನೇ."

"ಇದನ್ನ?"

"ಇದನ್ನೂ ನಾನೇ ಮಾಡಿದ್ದು. ಹಳೇ ಐರನ್ ಇದ್ದಾಗ."

ತಾಯಿ ಮಗುವನ್ನು ಎದೆಗವಚಿಕೊಂಡು ಕಿಟಕಿಯವರೆಗೆ ಹೋಗಿ ಬಂದಳು. ಕೊನೆಗೆ, "ಹಾಗಾದ್ರೆ ನೀವೇ ಹಾಕಿ. ಹಾಕಿ ಇನ್ನೊಂದು ಸ್ವಲ್ಪ ಹೊತ್ತು ಕೂತು ಹೋಗಿ," ಎಂದಳು. ಯಂತ್ರ ಬಿಸಿಯಾಗಲಿ ಎಂದು ಅಕ್ಕ ಅಲ್ಲೇ ಎರಡು ತಾಸು ಕಾದು, ಇನ್ನೊಮ್ಮೆ ಕೂಗಿಸಿ ನೋಡಿ ಎದ್ದರು.

ವಿಚಾರಣೆ ನಡೆಯಿತು. ಎಚ್ಚರಿಕೆಯ ಪತ್ರ ಬಂತು, ಅಕ್ಕ ಸಹಿ ಹಾಕಿ ತೆಗೆದುಕೊಂಡರು. ಕಣ್ಣಿಗೆ ವಯಸ್ಸಾಗಿದೆ, ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದರು. ಅಕ್ಕ ಒಲ್ಲೆನೆಂದರು. ತಾನು ಹೆದರಿದ್ದೇನೆ ನಿಜ, ಆದರೆ ಹೆದರಿಕೆ ಇಲ್ಲದವರನ್ನು ಆ ಕುರ್ಚಿಯಲ್ಲಿ ಕೂರಿಸುವುದು ಅದಕ್ಕಿಂತ ಅಪಾಯ ಎಂದು ಹೇಳಿ, ಒಂದೇ ಒಂದು ಬೇಡಿಕೆ ಬರೆದುಕೊಟ್ಟರು. ಐರನ್ ಹಿಡಿಯುವವರೇ ಐರನ್ ಆಯ್ದುಕೊಳ್ಳಬೇಕು. ಅರ್ಜಿ ಮೇಜಿನಿಂದ ಮೇಜಿಗೆ ಓಡಾಡಿ ಒಪ್ಪಿಗೆಯಾಗಲು ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಅವರು ಒಂದು ತಾಂತ್ರಿಕ ಶಾಲೆಯಿಂದ ಎರವಲು ತಂದ ಐರನ್ನಿನಲ್ಲಿ, ದಿನಾ ಬೆಳಿಗ್ಗೆ ಮೀಟರು ಹಿಡಿದು ನೋಡಿಯೇ ಕೆಲಸ ಮಾಡಿದರು.

ಈಗ ಮೇಜಿನ ಮೇಲಿರುವ ನಾಲ್ಕರಲ್ಲಿ ಮೊದಲನೆಯದು ಹೋಯಿತು. ಎರಡನೆಯದನ್ನು ಕಾಯಿಸುವ ಮೊದಲೇ ಅಕ್ಕ ಅದರ ಬಿಟ್ಟಿಗೆ, ಎಂದರೆ ಬಿಸಿಯಾಗುವ ಮೊನೆಗೆ, ವಿದ್ಯುತ್ ಸಂಪರ್ಕ ಅಳೆಯುವ ಇನ್ನೊಂದು ಮೀಟರಿನ ಒಂದು ಕಡ್ಡಿ ಮುಟ್ಟಿಸುತ್ತಾರೆ. ಇನ್ನೊಂದನ್ನು ಪ್ಲಗ್ಗಿನ ಅರ್ತ್ ಪಿನ್ನಿಗೆ ಮುಟ್ಟಿಸುತ್ತಾರೆ. ಎರಡಕ್ಕೂ ಸಂಪರ್ಕ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಮೊನೆಯಲ್ಲಿ ಕಳ್ಳ ವಿದ್ಯುತ್ತು ಉಳಿಯುತ್ತದೆ. ಇದರಲ್ಲಿ ಅಂಕಿ ಒಂದು ಕಡೆ ನಿಲ್ಲದೆ ಕುಣಿಯುತ್ತದೆ. ಇದೂ ಹೋಯಿತು.

"ಈ ಪುಟ್ಟ ಚಿಪ್ಪುಗಳಿಗೆ ನಮ್ಮ ಬೆರಳಿಗೆ ಗೊತ್ತೇ ಆಗದಷ್ಟು ಕರೆಂಟು ತಗುಲಿದ್ರೂ ಸಾಕು. ಸತ್ತೇ ಹೋದ್ರೆ ಒಳ್ಳೇದು, ಬದಲಿಸ್ತೀನಿ. ಅರ್ಧ ಸಾಯುತ್ತೆ. ಇವತ್ತು ಚೆನ್ನಾಗಿರುತ್ತೆ, ಮುಂದಿನ ತಿಂಗಳು ಮೇಲೆ ಯಾರದೋ ತಲೆದಿಂಬಿನ ಹತ್ರ ಕೈಕೊಡುತ್ತೆ. ನನಗೆ ಭಯ ಅದರದ್ದೇ."

ಮೂರನೆಯದು ನೋಡಲು ಮುದ್ದಾಗಿದೆ, ಪೆನ್ನಿನಷ್ಟು ಹಗುರ. ಶಾಖವೂ ಸರಿ, ಅರ್ತೂ ಸರಿ. ಆದರೆ ಅದಕ್ಕೆ ಸಿಗುವುದು ಸೂಜಿಮೊನೆಯ ಬಿಟ್ ಮಾತ್ರ. ಸಣ್ಣ ಭಾಗಕ್ಕೆ ಸೂಜಿಮೊನೆಯೇ ಬೇಕು ಎಂದು ಹೊಸಬರು ತಿಳಿಯುತ್ತಾರೆ, ಅಕ್ಕ ತಲೆಯಾಡಿಸುತ್ತಾರೆ. ಸೂಜಿಯ ತುದಿಯಿಂದ ಶಾಖ ಇಳಿಯುವುದಿಲ್ಲ, ಚಪ್ಪಟೆ ಉಳಿಯಂಥ ಪುಟ್ಟ ಮೊನೆ ಬೇಕು, ಅದರ ಅಂಚು ಭಾಗದ ಕಾಲಿನಷ್ಟೇ ಅಗಲವಿರಬೇಕು. ಜೊತೆಗೆ, ಸವೆದ ಬಿಟ್ಟಿಗೆ ಬದಲಿ ಬರಲು ಆರು ವಾರ ಬೇಕೆಂದು ಕಂಪನಿಯವರು ಬರೆದಿದ್ದಾರೆ. ಆರು ವಾರ ಸವೆದ ಮೊನೆಯಲ್ಲಿ ಬೆಸೆಯುವ ಧೈರ್ಯ ತನಗಿಲ್ಲ ಎಂದು ಅಕ್ಕ ಅದನ್ನು ಬಂದ ಪೆಟ್ಟಿಗೆಗೇ ವಾಪಸ್ಸು ಹಾಕುತ್ತಾರೆ.

ನಾಲ್ಕನೆಯದಕ್ಕೆ ರೂಪವಿಲ್ಲ. ಬೂದುಬಣ್ಣದ ಡಬ್ಬಿ, ಅಂಕಿಯ ಬದಲು ತಿರುಗಿಸುವ ಗುಂಡಿ. ತಾಮ್ರಕ್ಕೆ ಒತ್ತಿದರೆ ಶಾಖ ಒಂಬತ್ತು ಡಿಗ್ರಿ ಇಳಿದು, ಎರಡು ಉಸಿರು ಎಳೆಯುವಷ್ಟರಲ್ಲಿ ಮತ್ತೆ ಏರಿ ನಿಲ್ಲುತ್ತದೆ. ವೈರು ಬಿಸಿಗೂ ಚಳಿಗೂ ಸೆಟೆಯದೆ ಕೈ ಹೇಳಿದಂತೆ ಬಳುಕುತ್ತದೆ. ಚಪ್ಪಟೆ ಬಿಟ್ ಎದುರಿನ ಬೀದಿಯ ಅಂಗಡಿಯಲ್ಲೇ ಸಿಗುತ್ತದೆ. ಅಕ್ಕ ಅದನ್ನು ಮೂರು ತಾಸು ಬಿಡದೆ ಉರಿಸುತ್ತಾರೆ, ಕಾಲು ಗಂಟೆಗೊಮ್ಮೆ ಅಳೆದು ಬರೆಯುತ್ತಾರೆ. ಆಮೇಲೆ ಹಳೆಯ ಬೋರ್ಡಿನ ಮೇಲೆ ನಲವತ್ತು ಬೆಸುಗೆ ಹಾಕಿ, ಬೋರ್ಡನ್ನು ಬಿಸಿಮಾಡಿ, ಒಂದೊಂದನ್ನೂ ಸೂಜಿಯಿಂದ ಎಬ್ಬಿಸಲು ನೋಡುತ್ತಾರೆ. ಸೂಜಿ ಮುಟ್ಟುವಾಗಲೆಲ್ಲ ಅವರ ಉಸಿರು ನಿಲ್ಲುತ್ತದೆ. ಪಕ್ಕದಲ್ಲಿ ಕೂತ ನನ್ನದೂ ನಿಲ್ಲುತ್ತದೆ. ನಲವತ್ತರಲ್ಲಿ ಒಂದೂ ಅಲುಗುವುದಿಲ್ಲ.

ಉಗ್ರಾಣದ ಗುಮಾಸ್ತರು ನಮೂನೆ ಹಿಡಿದು ಬರುತ್ತಾರೆ. 'ಸಂಪೂರ್ಣ ಭರವಸೆಗೆ ಅರ್ಹ' ಎಂಬ ಸಾಲಿನ ಎದುರು ಸಹಿ ಬೇಕು. ಅಕ್ಕ 'ಸಂಪೂರ್ಣ' ಎಂಬ ಪದವನ್ನು ಹೊಡೆದುಹಾಕಿ, 'ದಿನಾ ಬೆಳಿಗ್ಗೆ ಅಳೆದ ಮೇಲೆ' ಎಂದು ಬರೆದು ಸಹಿ ಹಾಕುತ್ತಾರೆ. ಗುಮಾಸ್ತರು ಓದಿ, ಮಡಚಿಕೊಂಡು ಹೋಗುತ್ತಾರೆ.

ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಆಮೇಲೆ ಏನಾಸೆ ಎಂದು ಕೇಳಿದೆ. ತೀರ್ಥಯಾತ್ರೆ, ಮೊಮ್ಮಕ್ಕಳು, ಬೆಳಗಿನ ನಿದ್ದೆ, ಇವುಗಳಲ್ಲಿ ಯಾವುದಾದರೂ ಬರುತ್ತದೆಂದುಕೊಂಡಿದ್ದೆ. ಅಕ್ಕ ಭೂತಗನ್ನಡಿ ತೆಗೆದು, ಮಂಜಾದ ಎಡಗಣ್ಣನ್ನು ಅಂಗೈಯಿಂದ ಒತ್ತಿಕೊಂಡರು.

"ಈ ಕುರ್ಚಿಗೆ ಯಾರು ಬರ್ತಾರೋ ನನಗೆ ಗೊತ್ತಿಲ್ಲ. ಅವರನ್ನ ಕೇಳದೆ ಅವರ ಕೈಗೆ ಏನನ್ನೂ ಕೊಡಬೇಡಿ ಅಂತ ಬರೆಸಿ, ಸೀಲು ಹಾಕಿಸಿದೀನಿ. ಅದೊಂದು ಉಳಿದ್ರೆ ಸಾಕು ನನಗೆ."